ನಲವತ್ತು ಅಡಿ ಹಸಿರು ತಂತಿ

ಮೊನ್ನೆ ಸ್ಟೇಪ್ಲರ್ ಪಿನ್ನು ಹುಡುಕಲು ಮೇಜಿನ ಕೆಳಗಿನ ಖಾನೆ ಎಳೆದೆ. ಪಿನ್ನು ಸಿಗಲಿಲ್ಲ. ಹುಡುಕಿದ್ದು ಯಾವತ್ತು ಸಿಕ್ಕಿದೆ? ಹಳೆಯ ಉತ್ತರ ಪತ್ರಿಕೆಗಳ ಅಡಿಯಿಂದ ಹಸಿರು ತಂತಿಯ ಒಂದು ಸುರುಳಿ ಹೊರಬಂತು. ಅದರ ತುದಿಗೆ ಎರಡು ಕಾಲಿನ ಪುಟ್ಟ ಹಿತ್ತಾಳೆ ಕೊಂಡಿ. ನಾನು ಅದನ್ನು ಎತ್ತಿಕೊಳ್ಳುವ ಮೊದಲು ಬೆರಳುಗಳ ಹಿಂಬದಿಯಿಂದ ಒಮ್ಮೆ ತಾಗಿಸಿ ನೋಡಿದೆ. ಎಲ್ಲಿಗೂ ಜೋಡಿಸದೆ ಖಾನೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ತಂತಿ. ಅದರಲ್ಲಿ ಏನಿದ್ದೀತು?

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಹಾವಲ್ಲ ಅದು, ತಗೋರಿ" ಎಂದಳು.

ಹಾವಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ನಾನು ಜಮಖಂಡಿಯಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರು. ಅರ್ಥಿಂಗ್ ಎಂದರೇನು ಎಂದು ವರ್ಷಕ್ಕೊಮ್ಮೆ ಹಲಗೆಯ ಮೇಲೆ ಮೂರು ಗೆರೆ ಎಳೆದು ತೋರಿಸುತ್ತೇನೆ. ಒಂದು ಉದ್ದ, ಅದರ ಕೆಳಗೆ ಒಂದು ಗಿಡ್ಡ, ಅದರ ಕೆಳಗೆ ಇನ್ನೂ ಗಿಡ್ಡ. ಮಕ್ಕಳು ಬರೆದುಕೊಳ್ಳುತ್ತಾರೆ. ಆ ಮೂರು ಗೆರೆಗಳ ಕೆಳಗೆ ನಿಜವಾಗಿ ಏನಿರುತ್ತದೆ ಎಂದು ಅವರೂ ಕೇಳಿದವರಲ್ಲ, ನಾನೂ ನೋಡಿದವನಲ್ಲ. ಅದನ್ನು ನನಗೆ ತೋರಿಸಿಕೊಟ್ಟವಳು ಬನಹಟ್ಟಿಯ ಗೌರವ್ವ ಅತ್ತಿ. ಅವಳು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು.

ಗೌರವ್ವ ನನ್ನ ಸೋದರಮಾವ ಮಲ್ಲಪ್ಪನ ಹೆಂಡತಿ. ಅವರ ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಸೀರೆ ನೇಯುವ ನಾಲ್ಕು ಪವರ್‌ಲೂಮ್. ಸಣ್ಣವನಿದ್ದಾಗ ಬೇಸಿಗೆ ರಜೆಯೆಲ್ಲ ನಾನು ಆ ಮಗ್ಗಗಳ ಖಟಾಪಟಾ ಸದ್ದಿನಲ್ಲೇ ಮಲಗಿದ್ದೇನೆ. ನಮಗೆ ಎಚ್ಚರವಾಗುತ್ತಿದ್ದದ್ದು ಸದ್ದಿಗಲ್ಲ, ಕರೆಂಟು ಹೋಗಿ ಸದ್ದು ನಿಂತಾಗ. ಆ ಓಣಿಯಲ್ಲಿ ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ಯಾರ ಮನೆಯ ಮದುವೆ ಎಲ್ಲಿ ಕೂಡಿತು, ಎಲ್ಲಿ ಮುರಿಯಿತು ಎಂಬುದು ಎಲ್ಲರಿಗೂ ಗೊತ್ತಿರಲು ಇದೇ ಕಾರಣವೆಂದು ನನ್ನ ನಂಬಿಕೆ.

ಇಂಥ ಊರಿನಲ್ಲಿ ನಮ್ಮ ಮಾಮಾನಿಗೆ ಸ್ಟೀರಿಯೊ ಕೇಳುವ ಹುಚ್ಚು ಹಿಡಿಯಿತು.

ಅದು ಹಿಡಿದದ್ದು ಮುಳುಗಡೆಯ ಕಾಲದಲ್ಲಿ. ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿ ಮಾಮಾನ ಗೆಳೆಯನೊಬ್ಬ ಚಹಾದಂಗಡಿ ಇಟ್ಟಿದ್ದ. ಹಳ್ಳಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವುದೆಂದು ಗೊತ್ತಾದ ಮೇಲೆ ಅವನು ಬಾಗಿಲು ಚೌಕಟ್ಟು, ಬೆಂಚು, ತಗಡು ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿದ. ಕೊನೆಗೆ ಉಳಿದದ್ದು ಗ್ರಾಮಫೋನ್ ಪ್ಲೇಟು ತಿರುಗಿಸುವ ಟರ್ನ್‌ಟೇಬಲ್, ಎರಡು ಸ್ಪೀಕರು, ಒಂದು ಆಂಪ್ಲಿಫೈಯರ್, ಒಂದು ಪ್ರೀಆಂಪ್ಲಿಫೈಯರ್, ಒಂದು ಗೋಣಿಚೀಲದ ತುಂಬ ನಾಟಕದ ಹಾಡುಗಳ ಪ್ಲೇಟು. "ಹೊಸಾ ಪ್ಲಾಟಿನ್ಯಾಗ ಇನ್ನಾ ಲೈಟಿನ ಕಂಬ ಇಲ್ಲ ಮಲ್ಲಪ್ಪ, ನೀನ ಸಂಬಾಳಸು" ಎಂದು ಬನಹಟ್ಟಿಗೆ ತಂದು ಇಳಿಸಿಹೋದ.

ಜೋಡಿಸಿಕೊಡಲು ನನಗೆ ಕರೆ ಬಂತು. ಎಂ.ಎಸ್ಸಿ. ಮಾಡಿದ ಅಳಿಯ ಇನ್ನು ಯಾವುದಕ್ಕೆ?

ಪ್ರೀಆಂಪಿನ ಬೆನ್ನನ್ನು ನೀವು ನೋಡಿದ್ದೀರೋ ಇಲ್ಲವೋ. ಸಾಲಾಗಿ ಜೋಡಿ ಜೋಡಿ ತೂತು, ಒಂದು ಕೆಂಪು, ಒಂದು ಬಿಳಿ. ಟೇಪಿಗೊಂದು ಜೋಡಿ, ರೇಡಿಯೊಗೊಂದು, ಮಿಕ್ಕ ಏನಿದ್ದರೂ ಇರಲಿ ಎಂದು ಆಕ್ಸ್ ಎನ್ನುವುದೊಂದು, ಫೋನೊ ಎಂದು ಬರೆದದ್ದು ಒಂದು. ನಾನು ಟರ್ನ್‌ಟೇಬಲಿನ ಪಿನ್ನುಗಳನ್ನು ಆಕ್ಸ್‌ಗೆ ಚುಚ್ಚಿದೆ, ಮಾಮಾ ಹೊಸದಾಗಿ ಕೊಂಡ ಸಿಡಿ ಪ್ಲೇಯರನ್ನು ಫೋನೊಗೆ. ಪ್ಲೇಟು ಹಚ್ಚಿದರೆ ನಾಟಕದ ನಾಯಕ ಹಿಟ್ಟಿನ ಡಬ್ಬಿಯೊಳಗೆ ಸಿಕ್ಕ ಸೊಳ್ಳೆಯಂತೆ ಹಾಡಿದ. ಸಿಡಿ ಹಚ್ಚಿದರೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಎಲ್ಲ ಬಸ್ಸುಗಳೂ ಒಮ್ಮೆಲೇ ಹಾರ್ನು ಹೊಡೆದಂತಾಯಿತು. ಪಕ್ಕದ ಮನೆಯವರು ಓಡಿಬಂದರು. ಬನಹಟ್ಟಿಯಲ್ಲಿ ಸದ್ದು ಕೇಳಿ ಜನ ಓಡಿಬರುವುದೆಂದರೆ ಸಣ್ಣ ಮಾತಲ್ಲ.

"ಇದು ಏನಲೇ ಮಾಸ್ತರ? ಎಮ್ಮೆಸ್ಸಿ ಒಳಗ ಇದನ್ನ ಕಲಿಸಿದ್ರೇನ?" ಎಂದ ಮಾಮಾ.

ಮುಳ್ಳಿನ ಕಾರ್ಟ್ರಿಜ್ಜಿನಿಂದ ಬರುವ ದನಿ ಇರುವೆಯಷ್ಟು ಸಣ್ಣದು, ಅದನ್ನು ದೊಡ್ಡದು ಮಾಡುವ ಏರ್ಪಾಡು ಫೋನೊ ತೂತಿನ ಹಿಂದೆ ಮಾತ್ರ ಇರುತ್ತದೆ, ಪ್ರೀಆಂಪ್ ಅದನ್ನು ದೊಡ್ಡದು ಮಾಡಿ ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ ಎಂದು ನಾನು ಉಪನ್ಯಾಸ ಕೊಟ್ಟೆ.

"ಅಂದ್ರ ನಡುವಿನ ದಲಾಲ ಅನ್ನು" ಎಂದು ಮಾಮಾ ಒಂದೇ ಮಾತಿನಲ್ಲಿ ಮುಗಿಸಿದ.

ಕಾರ್ಟ್ರಿಜ್ ಬದಲಿಸುವಾಗ ನನ್ನ ಮಾನ ಇನ್ನಷ್ಟು ಹೋಯಿತು. ಹಳೆಯದರ ಮುಳ್ಳು ಸವೆದಿತ್ತು. ಹೊಸದನ್ನು ಕೂರಿಸಬೇಕಾದರೆ ಕೂದಲಿನಂಥ ನಾಲ್ಕು ತಂತಿಗಳನ್ನು ಅದರ ಹಿಂದಿನ ನಾಲ್ಕು ಮೊಳೆಗಳಿಗೆ ಸಿಕ್ಕಿಸಬೇಕು. ಕೆಂಪು, ಬಿಳಿ, ಹಸಿರು, ನೀಲಿ. ಅರ್ಧ ತಾಸು ಹೆಣಗಿದರೂ ನನ್ನಿಂದ ಒಂದೂ ಕೂರಲಿಲ್ಲ. ಅತ್ತಿ ಬಂದು "ಸರಕೋ ಅತ್ಲಾಗ" ಎಂದಳು. ಕಡಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುವ ಬೆರಳುಗಳು ಅವು. ನಾಲ್ಕನ್ನೂ ಸಿಕ್ಕಿಸಿ ಮುಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ರೊಟ್ಟಿ ಬಡಿಯಲು ಹೋದಳು.

ಇಷ್ಟಾದರೂ ಒಂದು ಪೀಡೆ ಉಳಿಯಿತು. ಹಾಡಿನ ಕೆಳಗೆ ಸದಾ ಒಂದು ಗುಂಯ್ ಸದ್ದು. ದೊಡ್ಡ ಭ್ರಮರವೊಂದು ಸ್ಪೀಕರಿನಲ್ಲಿ ಮನೆ ಮಾಡಿದಂತೆ. ಮಾಮಾ ಅದಕ್ಕೆ ತಾನೇ ಮದ್ದು ಕಂಡುಕೊಂಡಿದ್ದ. ಪ್ರೀಆಂಪಿನ ಕಬ್ಬಿಣದ ಮೈಮೇಲೆ ಒಂದು ಬೆರಳಿಟ್ಟರೆ ಸದ್ದು ತಗ್ಗುತ್ತಿತ್ತು. ಹೀಗಾಗಿ ಅವನು ಮರದ ಮಂಚದ ಮೇಲೆ ಉಣ್ಣೆಯ ಘೊಂಗಡಿ ಹಾಸಿ, ಕಾಲು ಮಡಿಚಿ ಕೂತು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವನಂತೆ ಬೆರಳಿಟ್ಟುಕೊಂಡೇ ಇಡೀ ಪ್ಲೇಟು ಕೇಳುತ್ತಿದ್ದ. ಕೇಳುವುದೂ ತಿಂಗಳಿಗೊಮ್ಮೆ, ಅಮಾವಾಸ್ಯೆಗೆ. ಉಳಿದ ದಿನ ಕರೆಂಟು ಇದ್ದರೆ ಮಗ್ಗದ ಸದ್ದು. ಮಗ್ಗ ನಿಂತರೆ ಕರೆಂಟೇ ಇಲ್ಲ. ಅಮಾವಾಸ್ಯೆಗೆ ಮಾತ್ರ ಮಗ್ಗಕ್ಕೆ ರಜೆ.

ಆ ಬೆರಳನ್ನು ನೋಡಿ ನನ್ನೊಳಗಿನ ವಿಜ್ಞಾನಿ ನೊಂದ. ಟರ್ನ್‌ಟೇಬಲಿನಿಂದ ಗೇಣುದ್ದದ ಒಂದು ಹಸಿರು ತಂತಿ ಯಾವುದಕ್ಕೂ ಸೇರದೆ ಜೋತಾಡುತ್ತಿತ್ತು. ಪ್ರೀಆಂಪಿನ ಬೆನ್ನಲ್ಲಿ ಒಂದು ತಿರುಪು, ಅದರ ಪಕ್ಕದಲ್ಲಿ ನನ್ನ ಪ್ರೀತಿಯ ಮೂರು ಗೆರೆ. ಸರಿ, ಭೂಮಿಗೆ ಜೋಡಿಸಬೇಕು. ಭೂಮಿ ಎಲ್ಲಿದೆ? ಶೆಡ್ಡಿನ ಗೋಡೆಗುಂಟ ನಾಲ್ಕೂ ಮಗ್ಗಗಳ ಮೈಯನ್ನು ಕೂಡಿಸುವ ಒಂದು ಕಬ್ಬಿಣದ ಪಟ್ಟಿ ಇತ್ತು. ಅದು ಅರ್ಥಿಂಗಿನ ಪಟ್ಟಿ ಎಂದು ನನಗೆ ಗೊತ್ತಿತ್ತು. ಅಂಗಡಿಯಿಂದ ನಲವತ್ತು ಅಡಿ ಹಸಿರು ತಂತಿ ತಂದೆ. ಜೋತಾಡುವ ತುಂಡು ತಂತಿಯನ್ನೂ ಹೊಸ ತಂತಿಯ ಕೊಂಡಿಯನ್ನೂ ಆ ತಿರುಪಿಗೇ ಬಿಗಿದು, ಅಡುಗೆಮನೆಯ ಬಾಗಿಲ ಮೇಲಿಂದ ಎಳೆದು ಶೆಡ್ಡಿನ ಪಟ್ಟಿಗೆ ಸುತ್ತಿದೆ. ಗುಂಯ್ ಸದ್ದು ಕತ್ತರಿಸಿದಂತೆ ನಿಂತಿತು.

"ಭಲೆ ಮಾಸ್ತರ!" ಎಂದ ಮಾಮಾ. ಆ ದಿನ ನನಗೆ ಎರಡು ಹೋಳಿಗೆ ಹೆಚ್ಚು ಬಿದ್ದವು. ಮಾಮಾನ ಬೆರಳು ಮಾತ್ರ ಚಟದಿಂದ ಅಲ್ಲೇ ಉಳಿಯಿತು.

ಆ ಪಟ್ಟಿ ಗೋಡೆಯ ತೂತಿನಲ್ಲಿ ನುಗ್ಗಿ ಹಿತ್ತಲಿನ ಕಡೆ ಹೋಗಿತ್ತು. ಎಲ್ಲಿಗೆ ಹೋಗುತ್ತದೆ ಎಂದು ನಾನು ಹಿಂಬಾಲಿಸಿ ನೋಡಲಿಲ್ಲ.

ಹಿತ್ತಲಿನಲ್ಲಿ ತುಳಸಿಯ ಪಕ್ಕ ಇಟ್ಟಿಗೆಯ ಒಂದು ಸಣ್ಣ ಕಟ್ಟೆ ಇತ್ತು. ನಡುವೆ ನೆಲದಿಂದ ಮೊಳದುದ್ದ ಎದ್ದ ಕೊಳವೆ. ಅತ್ತಿ ದಿನಾ ಬೆಳಗ್ಗೆ ತುಳಸಿಗೆ ಒಂದು ತಂಬಿಗೆ ನೀರು ಹಾಕಿದರೆ ಈ ಕೊಳವೆಗೆ ಒಂದು ಕೊಡ ಸುರಿಯುತ್ತಿದ್ದಳು. ಮೇಲೆ ಅರಿಷಿಣ, ಕುಂಕುಮ. ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೆ, ಮನೆಯ ಯಾವುದೋ ದೇವರು ಅಂದುಕೊಂಡಿದ್ದೆ. ಅವಳಿಗೆ ಇನ್ನೂ ಒಂದು ಪದ್ಧತಿ ಇತ್ತು. ಮುಂಜಾನೆ ಶೆಡ್ಡಿಗೆ ಕಾಲಿಟ್ಟವಳೇ ಪ್ರತಿ ಮಗ್ಗದ ಮೈಯನ್ನೂ ಬೆರಳಿನ ಹಿಂಬದಿಯಿಂದ ಸವರಿ ಮುಂದೆ ಹೋಗುವಳು, ಮಲಗಿದ ಮಕ್ಕಳ ಗಲ್ಲ ಸವರುವ ಹಾಗೆ. ಅದೂ ಒಂದು ನಮಸ್ಕಾರ ಎಂದುಕೊಂಡಿದ್ದೆ.

ಆ ವರ್ಷ ಶಿವರಾತ್ರಿಗೆ ಹೋದಾಗ ನೀರಿನ ತಾಪತ್ರಯ ಶುರುವಾಗಿತ್ತು. ಹಿನ್ನೀರು ಅಷ್ಟು ಊರುಗಳನ್ನು ನುಂಗಿದರೂ ಅತ್ತಿಯ ನಲ್ಲಿಗೆ ಮಾತ್ರ ಬಂದಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ಬಿಡುತ್ತಿದ್ದರು. ಅತ್ತಿ ಬೀದಿಯ ತುದಿಯಿಂದ ಕೊಡ ಹೊತ್ತು ತಂದು, ಆ ಕೊಳವೆಗೆ ಗಟಗಟ ಸುರಿದಳು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಕುಡ್ಯಾಕ ನೀರಿಲ್ಲ, ಆ ಪೈಪಿಗ್ಯಾಕ ಸುರೀತಿ?"

"ದಿನಾ ಹಾಕಬೇಕಂತಪ. ಮಗ್ಗಾ ಕೂಡಿಸಿದಾಗ ವಾಯರಮನ್ ಹೇಳಿ ಹೋಗ್ಯಾನ."

"ವಾಯರಮನ್ ಯಾವಾಗಿಂದ ಪೂಜಾರಿ ಆದಾ? ಕುಂಕುಮಾನೂ ಅಂವನ ಹಚ್ಚಂದನೇನ?"

"ಕುಂಕುಮ ನಾ ಹಚ್ಚೇನಿ. ಬೋಳ ಕಾಣತಿತ್ತು."

ಮಾಮಾ ನಕ್ಕ. ನಾನು ನಗಲಿಲ್ಲ. ಮೂಢನಂಬಿಕೆ, ನೀರಿನ ಬೆಲೆ, ಓದಿದವರ ಹೊಣೆ ಎಂದು ಏನೇನೋ ಹೇಳಿದೆ. ಅತ್ತಿ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಪೂರ್ತಿ ಕೇಳಿದಳು. "ಕಲ್ತಾಂವ ನೀ, ಹೇಳತಿ ಅಂದ್ರ ಖರೆ ಇರಬೇಕು. ಬಿಡ್ತೀನಿ ತಗೊ" ಎಂದಳು. ಊರಿಗೆ ಮರಳುವಾಗ ಬಸ್ಸಿನಲ್ಲಿ ನನಗೆ ನನ್ನ ಬಗ್ಗೆಯೇ ತುಂಬ ಅಭಿಮಾನವಿತ್ತು.

ಎರಡು ತಿಂಗಳ ನಂತರ, ಬಿರುಬಿಸಿಲಿನ ಒಂದು ಅಮಾವಾಸ್ಯೆ. ಊಟ ಮುಗಿಸಿ ನಾನು ನೆಲದ ಮೇಲೆ ಚಾಪೆ ಹಾಸಿ ಅಡ್ಡಾಗಿದ್ದೆ. ಮಾಮಾ ಮಂಚದ ಮೇಲೆ. ಅತ್ತಿ ಬಚ್ಚಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಶೆಡ್ಡಿನಲ್ಲಿ ನಾಲ್ಕನೆಯ ಮಗ್ಗದ ಮೋಟರು ಸುಟ್ಟು, ಒಳಗಿನ ತಂತಿಯ ರಿವೈಂಡಿಂಗ್ ಆಗಿ, ಹಿಂದಿನ ಸಂಜೆಯಷ್ಟೇ ಬಂದಿತ್ತು. ಬೆಲ್ಟು ಹಾಕದೆ ಸ್ವಲ್ಪ ಹೊತ್ತು ತಿರುಗಲಿ ಎಂದು ಮಾಮಾ ಅದನ್ನೊಂದನ್ನೇ ಚಾಲೂ ಮಾಡಿ ಬಂದು, ಪ್ಲೇಟು ಹಚ್ಚಿದ್ದ.

ಹಾಡು ಅರ್ಧವಾಗಿರಬೇಕು. ಗುಂಯ್ ಸದ್ದು ಮರಳಿ ಬಂತು. ಮೊದಲಿನಂಥದ್ದಲ್ಲ, ಎದೆಗೂಡಿಗೆ ತಾಗುವಂಥದ್ದು.

"ಬಂತ ನೋಡ ನಿನ್ನ ಭ್ರಮರ" ಎನ್ನುತ್ತ ಮಾಮಾ ಪ್ರೀಆಂಪಿನ ಮೇಲೆ ಬೆರಳಿಟ್ಟ.

ಅವನು "ಹಾ" ಎಂದದ್ದು ಕೇಳಿಸಿತು. ಕೈ ಸಿಡಿಯಿತು, ಮೊಣಕೈ ಟರ್ನ್‌ಟೇಬಲಿಗೆ ಬಡಿಯಿತು, ಮುಳ್ಳು ಪ್ಲೇಟನ್ನು ಗೀರುತ್ತ ಓಡಿತು. ಮಾಮಾ ಹಿಂದಕ್ಕೆ ಗೋಡೆಗೆ ಒರಗಿ ಬಿದ್ದ. ಮರದ ಮಂಚ, ಒಣ ಘೊಂಗಡಿ, ನೆಲ ಮುಟ್ಟದ ಕಾಲು. ಈಗ ಲೆಕ್ಕ ಹಾಕಿ ಹೇಳಬಲ್ಲೆ, ಅವನನ್ನು ಉಳಿಸಿದ್ದು ಅವು. ಆಗ ನನಗೆ ಏನೂ ಹೊಳೆಯಲಿಲ್ಲ. ಎದ್ದವನೇ ಪ್ರೀಆಂಪಿನ ಪ್ಲಗ್ಗನ್ನು ಕಿತ್ತೆ. ಸದ್ದು ನಿಂತಿತು. ಪ್ಲೇಟು ಮಾತ್ರ ಸುತ್ತುತ್ತಲೇ ಇತ್ತು, ಮುಳ್ಳು ಅದನ್ನು ಕೆರೆಯುತ್ತಲೇ ಇತ್ತು.

ಅತ್ತಿ ಬಚ್ಚಲಿನಿಂದ ಓಡಿಬಂದಳು. ಬರಿಗಾಲು, ಒದ್ದೆ ಸೀರೆ, ಮೊಣಕೈತನಕ ನೀರು.

"ಏನಾತ್ರಿ? ಏನಾತು?"

"ಏನಿಲ್ಲ ಅತ್ತಿ, ಸಣ್ಣ ಶಾಕು. ಪ್ಲಗ್ ಕಿತ್ತೇನಿ. ಇನ್ನ ಏನೂ ಆಗೂದಿಲ್ಲ. ಆ ಮುಳ್ಳ ಎತ್ತು, ಪ್ಲೇಟ್ ಹಾಳಾಗತೈತಿ."

ಈ ಮಾತನ್ನು ನಾನೇ ಹೇಳಿದೆ. ಭೌತಶಾಸ್ತ್ರದ ಮೇಷ್ಟ್ರು ಹೇಳಿದೆ. ವಿದ್ಯುತ್ತು ಬರುತ್ತಿದ್ದದ್ದು ಪ್ಲಗ್ಗಿನಿಂದಲ್ಲ, ನಾನು ಅಡುಗೆಮನೆಯ ಬಾಗಿಲ ಮೇಲಿಂದ ಕೈಯಾರೆ ಎಳೆದು ತಂದ ಹಸಿರು ತಂತಿಯಿಂದ. ಹೊಸದಾಗಿ ಸುತ್ತಿದ ಮೋಟರು ಒಳಗೆಲ್ಲೋ ಸೋರಿ ಮಗ್ಗದ ಮೈಗೆ ಹಾಯುತ್ತಿತ್ತು. ಮಗ್ಗದಿಂದ ಪಟ್ಟಿಗೆ, ಪಟ್ಟಿಯಿಂದ ತಂತಿಗೆ, ತಂತಿಯಿಂದ ಪ್ರೀಆಂಪಿಗೆ, ಅಲ್ಲಿಂದ ಗೇಣುದ್ದದ ತುಂಡಿನಗುಂಟ ಮುಳ್ಳು ಹಿಡಿದ ಲೋಹದ ತೋಳಿಗೆ. ನೂರು ಸಲ ಪ್ಲಗ್ಗು ಕಿತ್ತರೂ ಅದು ಅಲ್ಲೇ ಕಾಯುತ್ತಿತ್ತು.

ಅತ್ತಿಯ ಕೈ ಮುಂದೆ ಹೋಯಿತು. ಅಂಗೈ ಕೆಳಗೆ, ಬೆರಳು ಬಾಗಿಸಿ, ತೋಳನ್ನು ಹಿಡಿದೆತ್ತಲು. ನೀರಿನ ಹನಿ ಒಂದು ಬೆರಳ ತುದಿಯಲ್ಲಿ ತೂಗುತ್ತಿದ್ದದ್ದು ಈಗಲೂ ಕಾಣುತ್ತದೆ. ಇನ್ನೇನು ಮುಟ್ಟಬೇಕು, ಆ ಕೈ ತನ್ನಷ್ಟಕ್ಕೇ ಮಗುಚಿಕೊಂಡಿತು. ಬೆರಳುಗಳ ಹಿಂಬದಿ ಲೋಹಕ್ಕೆ ತಾಗಿತು.

ಚಟ್ ಎಂದಿತು. ಕೈ ಮಡಿಚಿಕೊಂಡು ಎದೆಗೆ ಬಂದು ಬಡಿಯಿತು. ಅತ್ತಿ ಎರಡು ಹೆಜ್ಜೆ ಹಿಂದೆ ಹೋಗಿ ಕೂತಳು.

ಕರೆಂಟು ಹೊಡೆದಾಗ ಕೈ ಒಳಕ್ಕೆ ಮಡಿಚಿಕೊಳ್ಳುತ್ತದೆ. ಅಂಗೈಯಿಂದ ಹಿಡಿದಿದ್ದರೆ ಮಡಿಚಿದ ಬೆರಳು ಆ ತೋಳನ್ನೇ ಬಿಗಿದು ಹಿಡಿದುಬಿಡುತ್ತಿದ್ದವು. ಹಿಂಬದಿ ತಾಗಿಸಿದ್ದರಿಂದ ಅದೇ ಸೆಳೆತ ಕೈಯನ್ನು ಬಿಡಿಸಿ ತಂದಿತು. ಮಗ್ಗದವರು ಕಬ್ಬಿಣವನ್ನು ಹೀಗೆ ಮುಟ್ಟುವುದು ಯಾಕೆ ಎಂದು ನಾನು ಆವತ್ತು ಕಲಿತೆ.

"ಮಾಸ್ತರ, ಶೆಡ್ಡಿನಿಂದ ಬರಾಕತ್ತೈತಿ!" ಅತ್ತಿ ಕೂತಲ್ಲಿಂದಲೇ ಕೂಗಿದಳು. "ಮೇನ್ ಬಂದ್ ಮಾಡು!"

ನಾನು ಓಡಿದೆ. ಮೇನ್ ಸ್ವಿಚ್ಚಿನ ಕಬ್ಬಿಣದ ಡಬ್ಬಿಗೆ ಕೈ ಚಾಚಿದ್ದೆ ಕೂಡ. ಹಿಂದಿನಿಂದ ಮತ್ತೆ ಕೂಗು: "ಕೈ ಹಚ್ಚಬ್ಯಾಡಲೇ ಖೋಡಿ! ಕಟಗಿ ತಗೊ, ಕಟಗಿ!"

ಸೀರೆ ಸುತ್ತುವ ಮರದ ಕೋಲೊಂದು ಮೂಲೆಯಲ್ಲಿತ್ತು. ಅದರಿಂದ ಹಿಡಿಕೆಯನ್ನು ಕೆಳಕ್ಕೆ ಹೊಡೆದೆ. ಮೋಟರು ನಿಧಾನವಾಗಿ ನಿಂತಿತು. ಎರಡು ನಿಮಿಷದಲ್ಲಿ ಮೂರು ಜನ ಕರೆಂಟಿಗೆ ಕೈ ಚಾಚಿದ್ದೆವು, ಮೂವರೂ ಬದುಕಿದ್ದೆವು. ಬನಹಟ್ಟಿಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಮೊದಲು ಕೇಳಿರಲಿಲ್ಲ.

ಒಳಗೆ ಬಂದಾಗ ಮಾಮಾ ತನ್ನ ಬೆರಳನ್ನು ಊದಿಕೊಳ್ಳುತ್ತಿದ್ದ. ಅತ್ತಿ ಅವನ ಬೆನ್ನು ಸವರುತ್ತ, "ಇನ್ನ ಬಟ್ಟ ಇಡ್ರಿ ಅದರ ಮ್ಯಾಲ" ಎಂದು ಬೈಯುತ್ತಿದ್ದಳು. ಬೈಗುಳ ಕೇಳಿ ನನಗೆ ಅಳು ಬಂತು. ಬೈಯಲು ಅವಳಿದ್ದಳು, ಬೈಸಿಕೊಳ್ಳಲು ಅವನಿದ್ದ.

ಸಂಜೆ ನಾನೊಬ್ಬನೇ ಶೆಡ್ಡಿಗೆ ಹೋಗಿ ಆ ಪಟ್ಟಿಯನ್ನು ಹಿಂಬಾಲಿಸಿದೆ. ಗೋಡೆಯ ತೂತು, ಹೊರಗಿನ ಕಲ್ಲುಚಪ್ಪಡಿ, ತುಳಸಿಯ ಬುಡ, ಅಲ್ಲಿಂದ ಇಟ್ಟಿಗೆಯ ಕಟ್ಟೆಯೊಳಗೆ. ಕೊಳವೆಯ ಸುತ್ತ ಮಣ್ಣು ಬಿರಿದಿತ್ತು. ಹಳೆಯ ಉಪ್ಪು ಬೆಳ್ಳಗೆ ಮೇಲೆದ್ದಿತ್ತು. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗಿನ ಗುಂಡಿ ಅದು. ತೇವವಿದ್ದರೆ ಸೋರಿದ ಕರೆಂಟು ಭೂಮಿಗೆ ಇಳಿದು ಫ್ಯೂಸು ಹಾರುತ್ತಿತ್ತು. ಒಣಗಿದರೆ ಅದು ಬರೀ ಗುಂಡಿ. ಹಲಗೆಯ ಮೇಲಿನ ನನ್ನ ಮೂರು ಗೆರೆಗಳ ಕೆಳಗೆ ಇರುವುದು ಇದು, ದಿನಕ್ಕೊಂದು ಕೊಡ ನೀರು.

ಅತ್ತಿ ಹಿಂದೆ ಬಂದು ನಿಂತಿದ್ದಳು.

"ಅತ್ತಿ, ಇದಕ್ಕ ನೀರ ಹಾಕಬ್ಯಾಡ ಅಂದಾಂವ..."

"ನೀನ. ಗೊತ್ತೈತಿ." ಬಿರಿದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದಳು. "ನನಗೂ ಯಾಕ ಹಾಕಬೇಕಂತ ಗೊತ್ತಿರಲಿಲ್ಲಲ್ಲಪ. ಗೊತ್ತಿದ್ದರ ನಿನ್ನ ಮಾತ ಕೇಳತಿದ್ನೇನ? ಏಳು, ಚಾ ಕುಡಿ."

ಮರುವಾರ ಮೋಟರು ಮತ್ತೆ ರಿಪೇರಿಗೆ ಹೋಯಿತು, ವಾಯರಮನ್ ಬಂದು ಗುಂಡಿಗೆ ಹೊಸ ಉಪ್ಪು, ಇದ್ದಿಲು ತುಂಬಿದ. ಸ್ಟೀರಿಯೊ ನೋಡಲು ನಾನು ಜಮಖಂಡಿಯಿಂದ ರೇಡಿಯೊ ರಿಪೇರಿಯ ದಸ್ತಗೀರ ಸಾಹೇಬರನ್ನು ಕರೆದುಕೊಂಡು ಹೋದೆ. ಕನ್ನಡಕ ಹಣೆಗೇರಿಸಿ ಅವರು ನನ್ನ ತಂತಿಯ ಗುಂಟ ಮನೆ, ಅಡುಗೆಮನೆ, ಶೆಡ್ಡು ಎಲ್ಲ ಸುತ್ತಿ ಬಂದರು.

"ಸರ, ಇಷ್ಟ ದೂರ ಯಾಕ ಹೋಗಿದ್ರಿ?"

"ಗುಂಯ್ ಸದ್ದ ಹೋಗಲಿ ಅಂತ. ಹೋತಲ್ಲರಿ?"

"ಹೋಗತೈತ್ರಿ." ಅವರು ತಿರುಪು ಸಡಿಲಿಸಿ ನನ್ನ ನಲವತ್ತು ಅಡಿಯನ್ನು ಬಿಚ್ಚಿ ನನ್ನ ಕೈಗಿಟ್ಟರು. ಟರ್ನ್‌ಟೇಬಲಿನ ಗೇಣುದ್ದದ ತುಂಡೊಂದನ್ನೇ ಆ ತಿರುಪಿಗೆ ಮತ್ತೆ ಬಿಗಿದರು. "ಈಗ ಹಚ್ಚರಿ."

ಹಚ್ಚಿದೆವು. ಗುಂಯ್ ಸದ್ದಿರಲಿಲ್ಲ. ಸಾಹೇಬರು ಟರ್ನ್‌ಟೇಬಲನ್ನೂ ಪ್ರೀಆಂಪನ್ನೂ ತೋರಿಸಿದರು.

"ಈ ತಿರಗಣಿ, ಈ ಡಬ್ಬಿ, ಇವೆರಡೂ ಕೂಡಬೇಕಾಗಿತ್ತರಿ, ಅಷ್ಟ. ಅವು ಇಲ್ಲೇ ಕೂಡಿದ್ದಕ್ಕ ಆವತ್ತ ಸದ್ದ ಹೋಗಿತ್ತು. ನೀವು ಭೂಮಿಗೆ ಹೋತಂತ ತಿಳಕೊಂಡ್ರಿ. ಮಿಕ್ಕ ವಾಯರ್ ಏನ ಕೆಲಸ ಮಾಡತಿತ್ತು ಅಂತ ಹೇಳಲೇನು?"

"ಬ್ಯಾಡ್ರಿ" ಎಂದೆ.

"ನಾ ಹೇಳತೀನಿ" ಎಂದ ಮಾಮಾ. "ನನ್ನ ಕರಕೊಂಡ ಹೋಗಾಕ ಬಂದಿತ್ತು. ಅಕಿ ಬಿಡಲಿಲ್ಲ."

ನಕ್ಕೆವು. ಆವತ್ತು ನಾವು ನಕ್ಕಷ್ಟು ಮಾತು ನಗುವಂಥದ್ದಾಗಿರಲಿಲ್ಲ.

ನನ್ನ ಕನಸಿನಲ್ಲಿ ಆ ಕೈ ಈಗಲೂ ಮುಂದೆ ಹೋಗುತ್ತದೆ, ಕೆಲವು ಸಲ ಮಗುಚುವುದಿಲ್ಲ. ಆಗ ಎದ್ದು ಕೂಡುತ್ತೇನೆ. ಬನಹಟ್ಟಿಗೆ ಫೋನು ಮಾಡುವ ಹೊತ್ತಾಗಿದ್ದರೆ ಮಾಡುತ್ತೇನೆ. ಅತ್ತಿ ಮಗ್ಗದ ಸದ್ದಿನ ಮೇಲೆ ಕೂಗಿ ಕೇಳುತ್ತಾಳೆ, "ಏನಲೇ ಮಾಸ್ತರ, ಏನ ಕೆಲಸಿತ್ತು?" ಏನೂ ಇಲ್ಲ ಎನ್ನುತ್ತೇನೆ. "ಸುಮ್ನ ರೊಕ್ಕಾ ಸುಡತಿ" ಎಂದು ಫೋನು ಇಡುತ್ತಾಳೆ. ಆಮೇಲೆ ನಿದ್ದೆ ಬರುತ್ತದೆ.

ಕಳೆದ ಅಮಾವಾಸ್ಯೆಗೆ ಹೋಗಿದ್ದೆ. ಗೀರು ಬಿದ್ದ ಅದೇ ಪ್ಲೇಟನ್ನು ಮಾಮಾ ಹಚ್ಚಿದ್ದ. ನಾಯಕ ನಡುವೆ ಒಂದು ಕಡೆ ಎಡವುತ್ತಾನೆ, ಸಾವರಿಸಿಕೊಂಡು ಮುಂದೆ ಹಾಡುತ್ತಾನೆ. ಮಾಮಾನ ಎರಡೂ ಕೈ ತೊಡೆಯ ಮೇಲಿದ್ದವು. ನಾನು ನೇರ ಹಿತ್ತಲಿಗೆ ಹೋದೆ. ಅತ್ತಿ ಕೊಡ ತುಂಬಿಸಿ ಇಟ್ಟಿದ್ದಳು. ನಾನು ಹೋದ ದಿನ ಅದು ನನ್ನ ಪಾಲಿನ ಕೆಲಸ. ಕೊಳವೆಗೆ ಸುರಿದೆ. ಮೊದಲು ಗಟಗಟ ಎಂದಿತು, ನಂತರ ಒಳಗೆಲ್ಲೋ ಆಳದಲ್ಲಿ ನೀರು ಮಣ್ಣಿಗೆ ಇಳಿಯುವ ಸಣ್ಣ ಸದ್ದು. ಪೂರ್ತಿ ಇಳಿಯುವತನಕ ಕೇಳುತ್ತ ನಿಂತೆ.

ಅತ್ತಿ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದಳು. "ನಿಮ್ಮ ಇಜ್ಞಾನಕ್ಕ ಇದು ನಡೀತೈತೋ ಇಲ್ಲೋ?"

"ಹಚ್ಚು ಅತ್ತಿ" ಎಂದೆ. "ಬೋಳ ಕಾಣತೈತಿ."